ಲಾಠಿ ಕಳೆದ ಬಗ್ಗೆ ಸಮಜಾಯಿಷಿ

ಮಹಾಸ್ವಾಮಿ,
ಲಷ್ಕರ್ ಠಾಣೆಯ ಪೇದೆ, ನಂಬರು ಇನ್ನೂರ ಹನ್ನೆರಡು,
ನಾಗಮಂಗಲದ ಕಡೆಯ ಮೊಗಣ್ಣ ಬರೆಸಿದ್ದು.
ಬರೆದವರು ರೈಟರ್ ಶಾಮಣ್ಣನವರು. ಅಕ್ಷರ ಅವರದು, ತಪ್ಪು ನನ್ನದು.

ಸರ್ಕಾರಿ ಲಾಠಿ ಒಂದು, ಬಿದಿರಿನದು, ತುದಿಗೆ ಹಿತ್ತಾಳೆ ಕಟ್ಟು,
ಕಳೆದ ಶುಕ್ರವಾರ ಸಂಜೆಯಿಂದ ನನ್ನ ಬಳಿ ಇಲ್ಲ.
ಎಲ್ಲಿ, ಹೇಗೆ, ಯಾಕೆ ಎಂದು
ಮೂರು ದಿನದೊಳಗೆ ತಿಳಿಸಲು ಹುಕುಂ ಆಗಿದೆ.
ಎಲ್ಲಿ ಅನ್ನೋದು ಸುಲಭ:
ದೇವರಾಜ ಮಾರುಕಟ್ಟೆ, ಬಾಳೆಹಣ್ಣಿನ ಸಾಲು.
ಯಾಕೆ ಅನ್ನೋದಕ್ಕೆ ಸಿಂಗಪುರದಿಂದ ಸುರು ಮಾಡಬೇಕು.
ಶಾಮಣ್ಣನವರು ಬೇಡ ಅಂತಾರೆ.
ಬರೀರಿ ಸ್ವಾಮಿ ಅಂದೆ.

ನಲವತ್ತೆರಡರಲ್ಲಿ ನಮ್ಮ ಮೈಸೂರು ಪಲ್ಟನ್ನಿನವರು
ಬಂದೂಕು ರಾಶಿ ಹಾಕಿ ಕೈ ಎತ್ತಿದ ಊರು ಅದು.
ಮೂರೂವರೆ ವರ್ಷ ಗಂಜಿ, ಗೆಣಸಿನ ಸೊಪ್ಪು.
ಕಾವಲಿನವನಿಗೆ ಸೊಂಟ ಬಗ್ಗಿಸಿ ನಮಸ್ಕರಿಸಬೇಕು,
ಬಗ್ಗಿದ್ದು ಸಾಲದಿದ್ದರೆ ಬಿದಿರು ಮಾತಾಡುತ್ತಿತ್ತು.
ಮಂಡಿ ಮೊಹಲ್ಲದ ಖಾದರ್ ಷರೀಫನಿಗೆ ಬೆನ್ನುನೋವು,
ಒಂದು ಬೆಳಗ್ಗೆ ಬಗ್ಗಲಾರದೆ ನಿಂತ.
ಅದಕ್ಕಿಂತ ಜಾಸ್ತಿ ಬರೆಸೋಲ್ಲ.

ಜಪಾನಿನವರು ಸೋತ ಮೇಲೆ, ಇಂಗ್ಲಿಷರ ಹಡಗು ಬರುವ ಮುಂಚೆ,
ಒಂದಷ್ಟು ದಿನ ಅದು ಯಾರ ರಾಜ್ಯವೂ ಅಲ್ಲ.
ಒಬ್ಬ ಪೇದೆಯನ್ನು ಜನ ಸೈಕಲ್ ಚೈನಿನಲ್ಲಿ ಕಟ್ಟಿ ಎಳೆತಂದರು.
ಮೊದಲು ಅವರ ಪೇದೆ, ಆಮೇಲೆ ಇವರ ಪೇದೆ,
ಪೇದೆ ಅಷ್ಟೇ ನಾನು, ಅಂತ ಅಳುತ್ತಿದ್ದ.
ಅವನ ಭಾಷೆ ನನಗೆ ಬಾರದು. ತಿಳಿಯಿತು.
ಆಮೇಲೆ ಇಂಗ್ಲಿಷರು ಬಂದರು. ಅಕ್ಕಿಯ ಸಾಲಿನಲ್ಲಿ ಕೂಗಾಡಿದವರ ಮೇಲೆ
ಹದಿನೈದು ದಿನಕ್ಕೇ ಅದೇ ಬಿದಿರು, ಬೇರೆ ಕೈ.
ಬಾಳೆಗೊನೆ ಚಿತ್ರದ ಜಪಾನಿ ನೋಟಿಗೆ ಬಾಲಂಗೋಚಿ ಕಟ್ಟಿ
ಮಕ್ಕಳು ಗಾಳಿಪಟ ಬಿಡುತ್ತಿದ್ದವು.
ಒಂದು ನೋಟು ನನ್ನ ಟ್ರಂಕಿನಲ್ಲಿದೆ,
ಪರಿಶೀಲನೆಗೆ ಬೇಕಾದರೆ ಹಾಜರು ಮಾಡುತ್ತೇನೆ.

ಈಗ ಶುಕ್ರವಾರ.
ಡಿಲ್ಲಿಯಲ್ಲಿ ಬಾವುಟ ಏರಿ ತಿಂಗಳಾಗುತ್ತ ಬಂತು,
ನಮ್ಮ ಪೇಟದ ಬಿಲ್ಲೆಯ ಹಕ್ಕಿ ಇನ್ನೂ ಎರಡು ತಲೆ ಹೊತ್ತು
ಯಾವ ಕಡೆ ನೋಡಲಿ ಅಂತ ಕೂತಿದೆ.
ಸುಬ್ಬರಾಯನಕೆರೆ ಮೈದಾನದಿಂದ ಕಾಲೇಜು ಹುಡುಗರು ಹೊರಟರು.
ದೊಡ್ಡ ಗಡಿಯಾರದ ಹತ್ತಿರ ತಾವು ಸೀಟಿ ಊದಿದಿರಿ.
ನಾನು ಓಡಿದೆ. ಓಡಿದ್ದು ಸುಳ್ಳಲ್ಲ.
ಮೊದಲನೆಯ ಏಟು ಹೊಡೆದೆ, ಅದೂ ಸುಳ್ಳಲ್ಲ, ಭುಜಕ್ಕೆ.
ಹುಡುಗನ ಕನ್ನಡಕ ಬಾಳೆದಿಂಡಿನ ಮೇಲೆ ಬಿತ್ತು.
ಎರಡನೆಯದಕ್ಕೆ ಕೈ ಎತ್ತಿದಾಗ ಅವನು
ಬಗ್ಗಿದ.
ಕನ್ನಡಕ ಹುಡುಕಲು ಬಗ್ಗಿದ ಸ್ವಾಮಿ, ನಮಸ್ಕಾರಕ್ಕಲ್ಲ.
ನನ್ನ ಕಣ್ಣಿಗೆ ಹಾಗೆ ಕಾಣಲಿಲ್ಲ.
ಬೆರಳ ತುದಿಯಲ್ಲಿ ಮಸಿ,
ಬೆನ್ನು ಖಾದರನ ಬೆನ್ನಿನಷ್ಟೇ ಅಗಲ.

ಆಗ ಅಂಗಡಿಯ ಚೌಡಮ್ಮ
‘ಇಲ್ಲಿ ಕೊಡಪ್ಪ, ಗೊನೆ ಜಾರ್ತಾ ಅದೆ’ ಅಂದಳು.
ನೂಕುನುಗ್ಗಲಿನಲ್ಲಿ ಅವಳ ಗೊನೆ ತೂಗುವ ಗಳ ಮುರಿದಿತ್ತು.
ಕೊಟ್ಟೆ.
ಕಸಿದುಕೊಂಡಳು ಅಂತ ಬರೀಲಾ, ಕೆಲಸ ಉಳಿಯುತ್ತೆ,
ಅಂತಾರೆ ಶಾಮಣ್ಣನವರು. ಒಳ್ಳೇ ಮನುಷ್ಯ.
ಕೊಟ್ಟೆ ಅಂತಲೇ ಬರೀರಿ.

ಲಾಠಿ ಈಗಲೂ ಅಲ್ಲಿದೆ, ಎರಡು ಗೂಟದ ನಡುವೆ,
ನನ್ನ ನಂಬರು ಗೋಡೆಯ ಕಡೆಗೆ.
ನಂಜನಗೂಡಿನ ರಸಬಾಳೆ ಹೊತ್ತು ಕೊಂಚ ಬಾಗಿದೆ.
ಬೆಲೆ ಒಂದು ರೂಪಾಯಿ ಎರಡಾಣೆಯನ್ನು
ಸಂಬಳದಲ್ಲಿ ಮುರಿದುಕೊಳ್ಳಬೇಕು.
ಹೊಸ ಲಾಠಿಗೆ ಅರ್ಜಿ ಹಾಕಿಲ್ಲ.
ಹುಡುಗ ಯಾರ ಮಗನೋ ಗೊತ್ತಾಗಲಿಲ್ಲ. ಕನ್ನಡಕದ ಒಂದು ಗಾಜು
ನನ್ನ ಜೇಬಿನಲ್ಲಿ ಉಳಿದಿದೆ. ಸರ್ಕಾರಿ ಸಾಮಾನಲ್ಲವಾದ್ದರಿಂದ
ಯಾವ ರಿಜಿಸ್ಟರಿನಲ್ಲಿ ಬರೆಸಬೇಕೋ
ತಿಳಿಯದು.

ಎಡಗೈ ಹೆಬ್ಬೆರಳ ಗುರುತು.